ಸೋರುವ ಸ್ವರ

"ಹಲ್ಲು ಹೋಯ್ತು ಪ್ಯಾಡಮ್ಮಾ! ನಮ್ಮ ಸ್ಯಾಕ್ಸಿನ ಕೋಟಿನವರ ಮುಂದಿನ ಹಲ್ಲು ಹೋಯ್ತು!"

ತಗಡಣ್ಣ ಕೂಗಿಕೊಂಡೇ ಅಂಗಡಿಯೊಳಗೆ ನುಗ್ಗಿ ಕತ್ತಲೆಯಲ್ಲಿ ಸ್ಟೂಲಿಗೆ ಮೊಣಕಾಲು ಬಡಿಸಿಕೊಂಡ. ಅವಳು ಬೇಕೆಂದೇ ದೀಪ ಆರಿಸಿದ್ದಳು. ಸ್ಯಾಕ್ಸೊಫೋನಿನ ಕೊಳವೆಯೊಳಗೆ ಪುಟ್ಟ ಬಲ್ಬು ಇಳಿಬಿಟ್ಟು, ತೂತುಗಳನ್ನು ಮುಚ್ಚುವ ಚರ್ಮದ ಪ್ಯಾಡುಗಳನ್ನು ಒಂದೊಂದಾಗಿ ಒತ್ತಿ, ಅಂಚಿನಲ್ಲಿ ಎಲ್ಲಾದರೂ ಬೆಳಕಿನ ಎಳೆ ಕಾಣುತ್ತದೆಯೇ ಎಂದು ನೋಡುತ್ತಿದ್ದಳು. ಬೆಳಕು ಹೊರಗೆ ಬಂತೆಂದರೆ ಗಾಳಿಯೂ ಬರುತ್ತದೆ. ಗಾಳಿ ಬಂತೆಂದರೆ ಕೆಳಗಿನ ಸ್ವರಗಳು ತೊದಲುತ್ತವೆ. ಈ ಕೆಲಸ ಮಾಡಿ ಮಾಡಿಯೇ ವಾದ್ಯದವರೆಲ್ಲರ ಬಾಯಲ್ಲಿ ಅವಳು ಪ್ಯಾಡಮ್ಮ ಆಗಿದ್ದಳು. ನಿಜವಾದ ಹೆಸರು ಹಿಡಿದು ಕರೆಯುವವಳು ಚಿಕ್ಕಮ್ಮ ಒಬ್ಬಳೇ, ಅದೂ ಸಿಟ್ಟು ಬಂದಾಗ.

"ಮೇಲಿನ ಹಲ್ಲಾ ಕೆಳಗಿನದಾ?" ಎಂದು ಕೇಳಿದಳು.

"ಮೇಲಿಂದೇ. ಡಾಕ್ಟ್ರು ಕಿತ್ತು ಕೈಗೇ ಕೊಟ್ಟರಂತೆ, ಮನೆಗೆ ತಗೊಂಡು ಹೋಗಿ ಅಂತ." ತಗಡಣ್ಣ ಮೊಣಕಾಲು ಉಜ್ಜಿಕೊಂಡ. ಸಂಗೀತದ ಹಾಲಿನ ಜಾಜ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನು ಅವನು; ಕೈ ಸುಮ್ಮನಿದ್ದರೆ ಬಾಯಿ ಸುಮ್ಮನಿರದು, ಬಾಯಿ ಸುಮ್ಮನಿದ್ದರೆ ಕೈ. "ಗಾಯ ಮಾಯೋ ತನಕ ಅವರು ಪೀಪಿ ಕಚ್ಚೋ ಹಾಗಿಲ್ಲ. ಶನಿವಾರ ನೋಡಿದ್ರೆ ಕಾರ್ಯಕ್ರಮ. ಬ್ಯಾಂಡ್ ಮಾಸ್ಟರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಅದಕ್ಕೇ ಹೇಳಿ ಹೋಗೋಣ ಅಂತ ಬಂದೆ, ಅವರ ಸ್ಯಾಕ್ಸಿಗೆ ಅವಸರ ಏನಿಲ್ಲ, ನಿಧಾನವಾಗಿ ಮಾಡು."

ಅವಳು ಬಲ್ಬನ್ನು ಮೆಲ್ಲಗೆ ಹೊರಗೆಳೆದಳು.

"ನಾನು ಬರ್ತೀನಿ," ಅಂದಳು.

"ಎಲ್ಲಿಗೆ?"

"ಶನಿವಾರಕ್ಕೆ. ನುಡಿಸೋದಕ್ಕೆ."

ತಗಡಣ್ಣ ನಗಲು ಬಾಯಿ ತೆರೆದವನು ಮೂಲೆಯ ಕಡೆ ನೋಡಿ ಹಾಗೇ ಮುಚ್ಚಿದ. ಮೂಲೆಯಲ್ಲಿ, ಕಿಟಕಿಯ ಸಂದಿನಿಂದ ಬಂದಷ್ಟೇ ಬೆಳಕಿನಲ್ಲಿ, ಅವಳ ಅಪ್ಪ ಅರದಿಂದ ವಾದ್ಯದ ಒಂದು ಕೀಲಿಯ ತುದಿ ಉಜ್ಜುತ್ತ ಕೂತಿದ್ದರು. ಉಜ್ಜುವ ಸದ್ದು ನಿಂತಿತು. ಆಮೇಲೆ ಏನೂ ಆಗಲಿಲ್ಲವೆಂಬಂತೆ ಮತ್ತೆ ಶುರುವಾಯಿತು.

ಆ ಅಂಗಡಿಯಲ್ಲಿ ಅಪ್ಪನದೊಂದು ಕಟ್ಟಳೆ ಇತ್ತು. ರಿಪೇರಿಯಾದ ವಾದ್ಯವನ್ನು ಊದಿ ನೋಡಬೇಕು, ನುಡಿಸಬಾರದು. ಎಲ್ಲಕ್ಕಿಂತ ಕೆಳಗಿನ ಸ್ವರದಿಂದ ಹಿಡಿದು ಒಂದೊಂದೇ ಮೆಟ್ಟಿಲು ಮೇಲೆ, ತುತ್ತತುದಿಯಿಂದ ಮತ್ತೆ ಒಂದೊಂದೇ ಕೆಳಗೆ. ವಾಪಸು ಬುಡದ ಸ್ವರಕ್ಕೆ ಬಂದು ಅದೂ ನೆಟ್ಟಗೆ ನಿಂತರೆ ಅಪ್ಪ ಸ್ಕ್ರೂಡ್ರೈವರಿನ ಹಿಡಿಯಿಂದ ಮೇಜಿಗೆ ಒಂದು ಸಲ ಟಕ್ ಎಂದು ಕುಟ್ಟುತ್ತಿದ್ದರು. ಅಂದರೆ ಆಯಿತು, ಪೆಟ್ಟಿಗೆ ಮುಚ್ಚು. ಚೆನ್ನಾಗಿದೆ ಎಂದಾಗಲಿ ಭೇಷ್ ಎಂದಾಗಲಿ ಅವರು ಯಾರಿಗೂ ಹೇಳಿದವರಲ್ಲ. ಚಿಕ್ಕವಳಿದ್ದಾಗ ಒಮ್ಮೆ ಅವಳು ಯಾರದೋ ಕ್ಲಾರಿನೆಟ್ಟಿನಲ್ಲಿ ಒಂದು ಹಾಡಿನ ತುಣುಕು ನುಡಿಸಿದ್ದಕ್ಕೆ, "ಬೇರೆಯವರ ಚಪ್ಪಲಿ ಹಾಕ್ಕೊಂಡು ಮದುವೆ ಮನೆಗೆ ಹೋಗ್ತಾರೇನೇ?" ಎಂದು ಬೈದಿದ್ದರು. ಅಂದಿನಿಂದ ಆ ಅಂಗಡಿಯಲ್ಲಿ ಮೆಟ್ಟಿಲು ಹತ್ತಿ ಇಳಿದದ್ದು ಬಿಟ್ಟರೆ ಮತ್ತೇನೂ ಕೇಳಿಸಿರಲಿಲ್ಲ.

ಆದರೆ ಅಪ್ಪ ನಿನ್ನದೇ ಚಪ್ಪಲಿ ಹಾಕಿಕೊಳ್ಳಬೇಡ ಎಂದಿರಲಿಲ್ಲವಲ್ಲ. ಯಾರೂ ವಾಪಸು ಕೇಳಿಕೊಂಡು ಬಾರದ, ಮುರಿದ ವಾದ್ಯಗಳ ಡಬ್ಬದಿಂದ ಒಂದರ ಮೈ, ಒಂದರ ಕತ್ತು, ಇನ್ನೊಂದರ ಕೀಲಿಗಳನ್ನು ಆರಿಸಿ ಅವಳು ತನಗೊಂದು ಸ್ಯಾಕ್ಸೊಫೋನ್ ಕಟ್ಟಿಕೊಂಡಿದ್ದಳು. ಮೈ ಹಳದಿ, ಕತ್ತು ಬಿಳಿ. ಮಧ್ಯಾಹ್ನ ಅಪ್ಪ ಹಿತ್ತಲ ಕೋಣೆಯಲ್ಲಿ ಅಡ್ಡಾದ ಮೇಲೆ, ಚಿಕ್ಕಮ್ಮ ಪಕ್ಕದ ಮನೆಗೆ ಮಾತಿಗೆ ಹೋದ ಮೇಲೆ, ಮಹಡಿಯ ಬಟ್ಟೆ ಬೀರುವಿನ ಬಾಗಿಲು ತೆಗೆದು, ಮಡಿಸಿಟ್ಟ ರಜಾಯಿಗಳ ನಡುವೆ ವಾದ್ಯದ ಬಾಯಿ ಹುದುಗಿಸಿ ಊದುತ್ತಿದ್ದಳು. ಬೇಸಗೆಯಲ್ಲಿ ಬೆವರು ಕಣ್ಣಿಗಿಳಿಯುತ್ತಿತ್ತು.

ರಿಪೇರಿಯಾದ ವಾದ್ಯಗಳನ್ನು ಹಾಲಿಗೆ ಒಯ್ದು ಕೊಡುವುದು ಅವಳದೇ ಕೆಲಸ. ಕೊಟ್ಟು ಬರುವ ನೆಪದಲ್ಲಿ ಬಾಗಿಲ ಬಳಿ ನಿಂತು ಅವರ ಅಭ್ಯಾಸ ಕೇಳುತ್ತಿದ್ದಳು. ಮೊದಲ ದಿನ ಅವಳಿಗೆ ಆಶ್ಚರ್ಯವಾದದ್ದು ಹಾಡಿನಿಂದಲ್ಲ. ಎಲ್ಲರೂ ಕೂಡಿ ಒಂದು ಹಾಡು ನುಡಿಸಿದರು, ಸರಿ. ಆಮೇಲೆ ಒಬ್ಬರು ಎದ್ದು ನಿಂತು, ಬರೆದಿಟ್ಟ ಹಾಳೆ ನೋಡದೆ, ಆ ಹಾಡಿನೊಳಗೇ ತಮಗೆ ತೋಚಿದಂತೆ ಓಡಾಡಿಬಂದರು. ಯಾರೂ ಬೈಯಲಿಲ್ಲ. ಉಳಿದವರು ತಾಳ ಹಿಡಿದು ಕಾದರು. ಹೀಗೂ ಬದುಕುವವರು ಇದ್ದಾರೆ ಎಂದು ಅವಳಿಗೆ ಹೊಟ್ಟೆಕಿಚ್ಚಾಗಿ, ಮನೆಗೆ ಬಂದು ಊಟ ಬಿಟ್ಟು ಮಲಗಿದ್ದಳು.

ಅಂದಿನಿಂದ ಬೆರಳು ಒಂದು ಕಡೆ ನಿಂತದ್ದಿಲ್ಲ. ಬಸ್ಸಿನ ಕಂಬಿಯ ಮೇಲೆ, ಲೋಟದ ಮೇಲೆ, ಕಿಟಕಿಯ ಸರಳಿನ ಮೇಲೆ. "ಕಾಲು ಒತ್ತು ಅಂದ್ರೆ ಇರುವೆ ಬಿಟ್ಟ ಹಾಗೆ ಮಾಡ್ತೀಯಲ್ಲೇ!" ಎಂದು ಚಿಕ್ಕಮ್ಮ ಕಾಲೆಳೆದುಕೊಳ್ಳುತ್ತಿದ್ದಳು.

ಈಗ ತಗಡಣ್ಣ ಕತ್ತು ಕೆರೆದುಕೊಂಡ. "ಹಾಡೋದಾದ್ರೆ ಬೇರೆ ಮಾತು ಪ್ಯಾಡಮ್ಮ. ಹೆಂಗಸರು ಹಾಡಿದ್ದಾರೆ, ಮಿಂಚೋ ಬಟ್ಟೆ ಹಾಕ್ಕೊಂಡು ಮುಂದೆ ನಿಂತು. ಊದಿದವರು ಒಬ್ಬರೂ ಇಲ್ಲ."

"ಊದಿದ್ದೀನಲ್ಲ. ನಿಮ್ಮ ಬ್ಯಾಂಡಿನ ಒಂದೊಂದು ವಾದ್ಯವನ್ನೂ ನಿಮಗಿಂತ ಮುಂಚೆ ಊದಿದವಳು ನಾನು."

"ಅದೂ ನಿಜ," ಅಂದ ತಗಡಣ್ಣ. "ನಾಳೆ ಮಧ್ಯಾಹ್ನ ಬಾ. ಮಾಸ್ಟರು ಬೈದ್ರೆ ನಾನು ಕರೆದದ್ದು ಅನ್ನಬೇಡ."

*

ಹಾಲಿನಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಗೆ ಒರಗಿಸಿದ್ದರು. ಮಾಸ್ಟರು ಪಿಯಾನೊ ಮುಂದೆ ಕೂತು ಯಾರದೋ ಮೇಲಿನ ಸಿಟ್ಟನ್ನು ಅದರ ಮೇಲೆ ತೀರಿಸಿಕೊಳ್ಳುತ್ತಿದ್ದರು. ಬೇಸಗೆಯಲ್ಲೂ ಕೋಟು ತೆಗೆಯದ ಕೋಟಿನವರು, ಊದಿದ ದವಡೆಗೆ ಬಟ್ಟೆ ಕಟ್ಟಿಕೊಂಡು ಗೋಡೆಯ ಬದಿಯ ಬೆಂಚಿನಲ್ಲಿದ್ದರು. ನುಡಿಸಲಾರದಿದ್ದರೂ ಮನೆಯಲ್ಲಿರಲು ಅವರಿಗೆ ಆಗಿರಲಿಲ್ಲ.

ಅವಳ ಪೆಟ್ಟಿಗೆಯಿಂದ ಬಿಳಿ ಕತ್ತಿನ ಹಳದಿ ವಾದ್ಯ ಹೊರಗೆ ಬಂದಾಗ ಒಂದಿಬ್ಬರು ಮುಖ ಮುಖ ನೋಡಿಕೊಂಡರು.

"ಕೇಳೋದಕ್ಕೆ ಏನು ಕಷ್ಟ, ಕೇಳೋಣ," ಅಂದರು ಮಾಸ್ಟರು, ಕಷ್ಟವಿದೆ ಎಂಬ ಧ್ವನಿಯಲ್ಲಿ. "ನಮ್ಮ ಕೊನೇ ಹಾಡು ಗೊತ್ತಲ್ಲ? ಎಲ್ಲರ ಜೊತೆ ನುಡಿಸು. ಆಮೇಲೆ ಒಂಟಿ ಸುತ್ತು ನಿನ್ನದು. ನೋಡೋಣ."

ಆ ಒಂಟಿ ಸುತ್ತಿಗಾಗಿಯೇ ಅವಳು ಬಂದಿದ್ದಳು. ಹೋದ ವರ್ಷ ಒಂದು ಮಧ್ಯಾಹ್ನ ಇದೇ ಬಾಗಿಲ ಬಳಿ ನಿಂತು, ಕೋಟಿನವರು ಇದೇ ಹಾಡಿಗೆ ನುಡಿಸಿದ ಸುತ್ತನ್ನು ಅವಳು ಕಿವಿಯಲ್ಲಿ ತುಂಬಿಕೊಂಡು, ಚೆಲ್ಲದ ಹಾಗೆ ಮನೆಗೆ ಹೊತ್ತು ಒಯ್ದಿದ್ದಳು. ರಜಾಯಿಗಳ ನಡುವೆ ಅದನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡಿದ್ದಳು. ಅದರಲ್ಲೂ ಒಂದು ಜಾಗ. ಸುತ್ತು ಇಳಿದಿಳಿದು ಬುಡದ ಸ್ವರಕ್ಕೆ ಬರುವಾಗ ಆ ಸ್ವರ ತಟ್ಟನೆ ನಿಲ್ಲದೆ, ಒಮ್ಮೆ ನಡುಗಿ, ಜಾರಿ, ಮತ್ತೆ ಎದ್ದು ನಿಲ್ಲುತ್ತಿತ್ತು. ಅಳು ನುಂಗಿಕೊಂಡು ಮಾತಾಡಿದವರ ಹಾಗೆ. ಅದು ಹೇಗೆ ಬರುತ್ತದೆಂದು ತಲೆ ಕೆಡಿಸಿಕೊಂಡು, ಕೊನೆಗೆ ಎಡಗೈಯ ಉಂಗುರ ಬೆರಳನ್ನು ಕೂದಲೆಳೆಯಷ್ಟು ಸಡಿಲ ಬಿಟ್ಟರೆ ಬರುತ್ತದೆಂದು ಕಂಡುಹಿಡಿದಿದ್ದಳು. ಮೊದಲ ಬಾರಿ ಅದು ಬಂದ ಮಧ್ಯಾಹ್ನ ಬೀರುವಿನೊಳಗೇ ಅತ್ತಿದ್ದಳು.

ಈಗ ಎದ್ದು ನಿಂತು ಅದನ್ನು ನುಡಿಸಿದಳು. ಒಂದು ಎಳೆಯೂ ಆಚೀಚೆ ಆಗಲಿಲ್ಲ. ತಗಡಣ್ಣನ ಮುಖ ಅರಳುವುದು ಕಂಡಿತು. ಸುತ್ತು ಇಳಿದಿಳಿದು ಬುಡಕ್ಕೆ ಬಂತು. ಉಂಗುರ ಬೆರಳು ಸಡಿಲಾಯಿತು. ಸ್ವರ ನಡುಗಿತು, ಜಾರಿತು, ಎದ್ದಿತು.

ಬೆಂಚಿನಿಂದ ಗೊರಗೊರ ಸದ್ದು ಬಂತು. ಕೋಟಿನವರು ದವಡೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕರೆ ನೋವು, ಬಿಟ್ಟರೆ ತಡೆಯದು.

"ಅದು... ಅದು ನನ್ನ ಪ್ಯಾಡು ಸೋರ್ತಿದ್ದದ್ದು ಕಣಮ್ಮಾ!" ಬಟ್ಟೆಯ ಸಂದಿನಿಂದ ಮಾತು ಉಜ್ಜಿಕೊಂಡು ಬಂತು. "ಆ ವಾರವೇ ತಂದು ನಿನ್ನ ಕೈಗೆ ಕೊಟ್ಟೆನಲ್ಲ, ಕೆಳಗಿನ ಸ್ವರ ತೊದಲುತ್ತೆ ಅಂತ? ನೀನೇ ಅಲ್ಲವಾ ಪ್ಯಾಡು ಹಾಕಿಕೊಟ್ಟದ್ದು? ಅದನ್ನೂ ನುಡಿಸಿಬಿಟ್ಟೆಯಲ್ಲ!"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹಾಲಿಗೆ ಹಾಲೇ ನಕ್ಕಿತು. ಕೆಟ್ಟ ನಗುವಲ್ಲ, ಆದರೂ ನಗು. ಅವಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಹಾಡು ತಪ್ಪಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಊರಿನ ವಾದ್ಯಗಳೆಲ್ಲ ಎಲ್ಲಿ ಸೋರುತ್ತವೆಂದು ಹೇಳಬಲ್ಲವಳು, ಒಂದು ಸೋರಿಕೆಯನ್ನು ಸಂಗೀತವೆಂದು ಎದೆಗೊತ್ತಿಕೊಂಡು ವರ್ಷವಿಡೀ ಸಾಕಿದ್ದಳು. ಅದೇ ಪ್ಯಾಡನ್ನು ತನ್ನ ಕೈಯಿಂದಲೇ ಕಿತ್ತು ಹೊಸದು ಹಾಕಿ, ಆಗಲೂ ಎರಡನ್ನೂ ಕೂಡಿಸಿ ನೋಡಿರಲಿಲ್ಲ.

ಮಾಸ್ಟರು ನಕ್ಕಿರಲಿಲ್ಲ. "ಕೈ ಚೆನ್ನಾಗಿದೆ," ಅಂದರು. "ಆದ್ರೆ ಇದು ಇವರು ಹೋದ ವರ್ಷ ನುಡಿಸಿದ್ದು. ಇವರೇ ಅದನ್ನ ಇನ್ನೊಂದು ಸಲ ನುಡಿಸಲ್ಲ. ಈಗ ನಿಂದು ನುಡಿಸು."

"ನಂದಾ?"

"ನಿಂದೇ."

ತಗಡಣ್ಣ ತಾಳ ಶುರುಮಾಡಿದ. ಅವಳು ವಾದ್ಯ ತುಟಿಗಿಟ್ಟಳು. ತಲೆಯಲ್ಲಿ ಏನೂ ಇರಲಿಲ್ಲ. ಇಷ್ಟು ದಿನ ನಿಲ್ಲು ಎಂದರೂ ನಿಲ್ಲದ ಬೆರಳುಗಳು ಈಗ ಮರಗಟ್ಟಿದವು. ಆಮೇಲೆ ತಮಗೆ ಗೊತ್ತಿದ್ದ ದಾರಿಯನ್ನು ತಾವೇ ಹಿಡಿದವು: ಬುಡದಿಂದ ಒಂದೊಂದೇ ಮೆಟ್ಟಿಲು ಮೇಲೆ, ತುದಿಯಿಂದ ಒಂದೊಂದೇ ಕೆಳಗೆ.

ಮಾಸ್ಟರು ಕೈಯೆತ್ತಿ ನಿಲ್ಲಿಸಿದರು. "ಇದು ನುಡಿಸೋದಲ್ಲಮ್ಮ, ಚೆಕ್ ಮಾಡೋದು." ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ನನಗೂ ಬೇರೆ ದಾರಿ ಇಲ್ಲ. ಶನಿವಾರ ಬಾ. ಬರೆದಿರೋದನ್ನ ಸಾಲಿನಲ್ಲಿ ಕೂತು ನುಡಿಸು. ಹಿಂದೆ, ಕಂಬದ ಮರೆಗೆ. ಹೆಂಗಸು ಕೆನ್ನೆ ಉಬ್ಬಿಸೋದನ್ನ ಜನ ನೋಡೋದು ಬೇಡ ಅಂತ ಹಾಲಿನ ಮ್ಯಾನೇಜರ್ ಹೇಳ್ತಾನೆ. ಒಂಟಿ ಸುತ್ತು ಬಂದಾಗ ಸುಮ್ಮನೆ ಕೂತಿರು. ಆ ಜಾಗ ನಾನು ಪಿಯಾನೊದಲ್ಲಿ ತುಂಬಿಸ್ತೀನಿ."

*

ಅವಳು ಬಸ್ಸು ಹತ್ತದೆ ನಡೆದೇ ಹೋದಳು. ಮನೆಯ ಬೀದಿ ಬಂದರೂ ತಿರುಗದೆ ಮುಂದಕ್ಕೆ ಹೋಗಿ, ಇನ್ನೊಂದು ಬೀದಿ ಸುತ್ತಿ, ಮತ್ತೆ ಅದೇ ಮೂಲೆಗೆ ಬಂದಳು. ಪೆಟ್ಟಿಗೆ ಕಾಲಿಗೆ ಬಡಿಯುತ್ತಿತ್ತು. ಸೇರಿಸಿಕೊಂಡರಲ್ಲ, ಇನ್ನೇನು ಬೇಕು, ಎಂದು ತನಗೇ ಹೇಳಿಕೊಂಡಳು. ಬೇಕಾದದ್ದು ಅದಲ್ಲ ಎಂದು ಹೊಟ್ಟೆಯೊಳಗಿಂದ ಯಾರೋ ಕೂಗುತ್ತಿದ್ದರು. ಬೇಕಾದದ್ದು ಎದ್ದು ನಿಲ್ಲುವುದು. ಎದ್ದು ನಿಂತರೆ ಹೇಳಲು ತನ್ನದೆಂಬುದು ಒಂದೂ ಇಲ್ಲ ಎಂದು ಈಗ ಎಲ್ಲರಿಗೂ ಗೊತ್ತಾಗಿತ್ತು, ಮುಖ್ಯವಾಗಿ ಅವಳಿಗೆ.

ಊಟಕ್ಕೆ ಕೂತಾಗ ಚಿಕ್ಕಮ್ಮ ಕೇಳಿಯೇ ಕೇಳಿದಳು. "ಏನಂದ್ರಂತೆ ಆ ಗಂಡಸರು?"

"ನಕ್ಕರು," ಅಂದಳು. ಹೇಳಬಾರದೆಂದುಕೊಂಡಿದ್ದದ್ದೆಲ್ಲ ಬಾಯಿಂದ ಬಂದುಬಿಟ್ಟಿತು, ಪ್ಯಾಡು, ತೊದಲು, ಬೀರು, ರಜಾಯಿ. "ಸೋರ್ತಿದೆ ಅಂತ ನನಗೆ ಗೊತ್ತೇ ಆಗಲಿಲ್ಲ ಅಪ್ಪಾ. ನನ್ನ ಕಿವಿಗೇ ಗೊತ್ತಾಗಲಿಲ್ಲ."

ಅಪ್ಪ ತಟ್ಟೆ ನೋಡುತ್ತಲೇ ಅಂದರು. "ನನಗೆ ಗೊತ್ತಾಗಿತ್ತು."

"ಏನು?"

"ನೀನು ಬೀರುವಿನಲ್ಲಿ ಊದೋದು. ಕೆಳಗಿನ ಸ್ವರ ಸೋರೋದು. ಮಲಗಿದ್ರೆ ಕಿವಿಯೂ ಮಲಗುತ್ತಾ?" ನೀರು ಕುಡಿದರು. "ಪಾಪ, ಹಳೇ ಡಬ್ಬದ ಸಾಮಾನು, ಪ್ಯಾಡು ಕೆಟ್ಟಿದೆ ಅಂದ್ಕೊಂಡೆ. ನೀನು ಅಂಗಡಿಯಲ್ಲಿದ್ದಾಗ ಮಹಡಿಗೆ ಹೋಗಿ ಬಿಚ್ಚಿ ಹೊಸದು ಹಾಕಿದೆ. ಆದ್ರೂ ಸೋರ್ತು. ನನ್ನ ಕೆಲಸವೇ ಕೆಟ್ಟಿತಲ್ಲ ಅಂತ ಅದನ್ನೂ ಕಿತ್ತು ಇನ್ನೊಂದು ಹಾಕಿದೆ. ಮಾರನೇ ದಿನ ಮತ್ತೆ ಅದೇ ಜಾಗ, ಅದೇ ತೊದಲು. ಆಗ ಗೊತ್ತಾಯ್ತು, ಸೋರ್ತಿರೋದು ವಾದ್ಯ ಅಲ್ಲ, ನೀನು ಅಂತ."

ಚಿಕ್ಕಮ್ಮ ಕೈ ಬಾಯಿಗೆ ಅಡ್ಡ ಹಿಡಿದಳು. "ಅದಕ್ಕೇನಾ ಹೋದ ಬೇಸಗೆಯಲ್ಲಿ ಮಹಡಿಯಲ್ಲಿ ಇಲಿ ಓಡಾಡ್ತಿದ್ದದ್ದು!"

"ಹೇಳಬಾರದಾಗಿತ್ತಾ?" ಎಂದಳು ಅವಳು. "ಹೇಳಿದ್ರೆ ತಿದ್ದಿಕೊಳ್ತಿದ್ದೆ."

"ಅದಕ್ಕೇ ಹೇಳಲಿಲ್ಲ." ಅಪ್ಪ ಎದ್ದರು. ಕೈ ತೊಳೆಯಲು ಹೋಗುತ್ತ, ಬೆನ್ನು ತಿರುಗಿಸಿಯೇ ಅಂದರು, "ಚೆನ್ನಾಗಿತ್ತು."

ಆ ಮಾತು ಅಪ್ಪನ ಬಾಯಿಂದ ಬಂದದ್ದನ್ನು ಅವಳು ಹುಟ್ಟಿದಾರಭ್ಯ ಕೇಳಿರಲಿಲ್ಲ. ಸಂತೋಷವಾಯಿತು, ಎದೆ ತುಂಬಿ ತುತ್ತು ಇಳಿಯದಷ್ಟು ಸಂತೋಷ. ಜೊತೆಗೇ ಸಿಟ್ಟೂ ಬಂತು, ಇಷ್ಟು ವರ್ಷ ಆ ಒಂದು ಮಾತನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟುಕೊಂಡಿದ್ದಕ್ಕೆ. ಚಿಕ್ಕಮ್ಮ ಅವಳ ತಟ್ಟೆ ನೋಡಿ, "ಸಾಕು, ತಟ್ಟೆ ಮೇಲೆ ನುಡಿಸಿದ್ದು. ತಿನ್ನು," ಎಂದು ಗದರಿದಳು.

*

ಶನಿವಾರ ಸಂಜೆ ಹಾಲಿನಲ್ಲಿ ಜನ ತುಂಬಿದ್ದರು. ಕಂಬದ ಮರೆಯ ಕುರ್ಚಿಯಲ್ಲಿ ಕೂತು ಅವಳು ಬರೆದದ್ದನ್ನೆಲ್ಲ ಸಾಲಿನ ಜೊತೆ ನುಡಿಸಿದಳು. ಒಂದು ಸ್ವರವೂ ಮುಂದೆ ಹೋಗಲಿಲ್ಲ, ಹಿಂದೆ ಬೀಳಲಿಲ್ಲ. ಮಾಸ್ಟರು ಒಂದು ಸಲ ತಿರುಗಿ ತಲೆಯಾಡಿಸಿದರು ಕೂಡ. ಕಂಬದ ಬದಿಯಿಂದ ಇಣುಕಿದರೆ ಜನರ ಒಂದು ಪಟ್ಟಿ ಮಾತ್ರ ಕಾಣುತ್ತಿತ್ತು. ಅದರ ಕೊನೆಯಲ್ಲಿ, ಹಿಂದಿನ ಸಾಲಿನಲ್ಲಿ, ಚಿಕ್ಕಮ್ಮ ಹೊಸ ಬಟ್ಟೆಯಲ್ಲಿ ಅತ್ತಿತ್ತ ನೋಡುತ್ತಿದ್ದಳು. ಪಕ್ಕದಲ್ಲಿ ಅಪ್ಪ. ಅಂಗಡಿ ಬಿಟ್ಟು ಎಲ್ಲೂ ಹೋಗದ ಅಪ್ಪ, ಅಂಗಡಿಯಲ್ಲಿ ಕೂರುವ ಹಾಗೆಯೇ ಒಂದು ಕಿವಿ ಮುಂದೆ ಮಾಡಿ ಕೂತಿದ್ದರು. ಕೈಯಲ್ಲಿ ಕನ್ನಡಕದ ಡಬ್ಬಿ ಇತ್ತು.

ಕೊನೆಯ ಹಾಡು ಶುರುವಾಯಿತು. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಹಿಮ್ಮಡಿ ನೆಲ ಕುಟ್ಟುತ್ತಿತ್ತು. ಸುತ್ತು ಹತ್ತಿರ ಬರುತ್ತಿರುವುದು ಗೊತ್ತಾಗುತ್ತಿತ್ತು. ಏನು ನುಡಿಸಲಿ? ಕೋಟಿನವರದು ಕೋಟಿನವರದೇ. ತನ್ನದು ಯಾವುದು? ಇಷ್ಟು ವರ್ಷ ದಿನಾ ಬೆಳಗಿನಿಂದ ಸಂಜೆಯವರೆಗೆ ಊದಿದ್ದು ಏನನ್ನ?

ಸುತ್ತು ಬಂತು. ಮಾಸ್ಟರು ಪಿಯಾನೊದ ಮೇಲೆ ಬಾಗಿದರು. ಅವಳು ಎದ್ದು ನಿಂತಳು. ನಿಂತರೂ ಕಂಬವೇ ಅಡ್ಡ. ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಮುಂದಿನ ಸಾಲಿನಲ್ಲಿ ಯಾರೋ ಪಕ್ಕದವರ ಭುಜ ತಟ್ಟಿ ತೋರಿಸಿದರು. ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು. ಮಾಸ್ಟರು ಕಣ್ಣು ಕೆಕ್ಕರಿಸಿ, ಕೂರು ಎಂದು ಗಲ್ಲ ಅಲ್ಲಾಡಿಸಿದರು. ಅವಳು ಕೂರಲಿಲ್ಲ.

ಬುಡದ ಸ್ವರ ಹಿಡಿದಳು. ಬರಿಯ ಅದೇ ಒಂದು, ಉದ್ದಕ್ಕೆ, ಅಂಗಡಿಯಲ್ಲಿ ಹಿಡಿಯುವ ಹಾಗೆ. ಆಮೇಲೆ ಒಂದು ಮೆಟ್ಟಿಲು ಮೇಲೆ. ಮಾಸ್ಟರ ಹುಬ್ಬು ಗಂಟಾಯಿತು, ಮತ್ತೆ ಚೆಕ್ ಮಾಡ್ತಿದ್ದಾಳಲ್ಲ ಎಂದು. ಮೂರನೆಯ ಮೆಟ್ಟಿಲನ್ನು ಅವಳು ತಾಳ ಬೀಳುವ ಮುಂಚೆಯೇ ಹತ್ತಿಬಿಟ್ಟಳು. ನಾಲ್ಕನೆಯದಕ್ಕೆ ಕಾಯಿಸಿದಳು, ತಾಳ ದಾಟಿ ಹೋದ ಮೇಲೆ ಕಾಲಿಟ್ಟಳು. ತಗಡಣ್ಣ "ಹಾ!" ಎಂದು ಜೋರಾಗಿಯೇ ಕೂಗಿ ಅವಳ ಹಿಂದೆ ಬಿದ್ದ. ಕೆಟ್ಟ ಕ್ಲಾರಿನೆಟ್ಟುಗಳು, ತುಕ್ಕು ಹಿಡಿದ ಸ್ಪ್ರಿಂಗುಗಳು, ಒಂದೇ ಕೀಲಿಗೆ ಮತ್ತೆ ಮತ್ತೆ ವಾಪಸು ಬಂದ ಮಧ್ಯಾಹ್ನಗಳು, ಎಲ್ಲ ಆ ಮೆಟ್ಟಿಲ ಮೇಲೇ ಇದ್ದವು. ಎರಡು ಹತ್ತಿ ಒಂದು ಇಳಿದಳು, ಒಂದರ ಮೇಲೆ ನಿಂತು ಕಾಲು ಕುಟ್ಟಿದಳು, ಮೂರನ್ನು ಹಾರಿದಳು. ಈ ದಾರಿ ಅವಳಷ್ಟು ನಡೆದವರು ಆ ಹಾಲಿನಲ್ಲಿ ಯಾರೂ ಇರಲಿಲ್ಲ. ಮಾಸ್ಟರು ಪಿಯಾನೊದಿಂದ ಒಂದು ಕೈ ತೆಗೆದರು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ತುದಿ ಮುಟ್ಟಿ ಇಳಿಯತೊಡಗಿದಳು. ಒಂದೊಂದೇ, ಆದರೆ ಅವಸರವಿಲ್ಲದೆ. ಬುಡದ ಸ್ವರ ಸಿಕ್ಕಾಗ ಉಂಗುರ ಬೆರಳನ್ನು ಕೂದಲೆಳೆಯಷ್ಟು ಸಡಿಲಿಸಿದಳು. ಅದು ನಡುಗಿತು, ಜಾರಿತು; ಈ ಸಲ ಅವಳು ಅದನ್ನು ಬೇಗ ಎತ್ತಿ ನಿಲ್ಲಿಸಲಿಲ್ಲ, ಜಾರುವಷ್ಟು ಜಾರಲು ಬಿಟ್ಟಳು, ಆಮೇಲೆ ಎತ್ತಿ ನೆಟ್ಟಗೆ ನಿಲ್ಲಿಸಿದಳು.

ಅಭ್ಯಾಸಬಲದಿಂದ ಅವಳ ಕಣ್ಣು ಅಪ್ಪನ ಕಡೆ ಹೋಯಿತು. ಅಪ್ಪನ ಕೈಯೂ ಅಭ್ಯಾಸಬಲದಿಂದ ಮೇಲೆದ್ದಿತ್ತು, ಮುಂದಿನ ಕುರ್ಚಿಯ ಬೆನ್ನಿಗೆ ಟಕ್ ಎಂದು ಕುಟ್ಟಲು, ಕನ್ನಡಕದ ಡಬ್ಬಿ ಹಿಡಿದುಕೊಂಡು.

ಕೈ ಹಾಗೇ ಮೇಲೆ ಇತ್ತು. ಕೆಳಗೆ ಬರಲಿಲ್ಲ.

ಅವಳು ಮುಂದಿನ ಸ್ವರಕ್ಕೆ ಉಸಿರೆಳೆದುಕೊಂಡಳು.